ತಪ್ಪೆಂದು ಗೊತ್ತಿರುವ ಪರಮಾಣುವನ್ನು ಮಕ್ಕಳಿಗೆ ಏಕೆ ಕಲಿಸುತ್ತೇವೆ?

ಪ್ರಶ್ನೆ: ನನ್ನ ಮಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಾನೆ. ವಿಜ್ಞಾನ ಪುಸ್ತಕದ ‘ಪರಮಾಣುವಿನ ರಚನೆ’ ಪಾಠದಲ್ಲಿ ಥಾಮ್ಸನ್, ರುದರ್‌ಫೋರ್ಡ್, ಬೋರ್ ಎಂದು ಮೂವರ ಮಾದರಿಗಳಿವೆ. ಒಂದೊಂದನ್ನೂ ವಿವರಿಸಿ, ಅದು ಎಲ್ಲಿ ಸೋತಿತೆಂದು ಹೇಳಿ ಮುಂದಿನದಕ್ಕೆ ಹೋಗುತ್ತಾರೆ. “ತಪ್ಪೆಂದು ಗೊತ್ತಿರುವುದನ್ನು ನಾನೇಕೆ ಬಾಯಿಪಾಠ ಮಾಡಬೇಕು? ಈಗಿನದೂ ನಾಳೆ ತಪ್ಪಾಗುವುದಿಲ್ಲ ಎನ್ನುವುದಕ್ಕೆ ಏನು ಖಾತ್ರಿ?” ಎಂದು ಕೇಳುತ್ತಾನೆ. ಪರಮಾಣುವಿನ ಒಳಗಿನ ಖಾಲಿ ಜಾಗದಲ್ಲಿ ಗಾಳಿ ಇರುತ್ತದೆಯೇ ಎಂಬುದು ಅವನ ಇನ್ನೊಂದು ಪ್ರಶ್ನೆ. ಪರೀಕ್ಷೆಯಲ್ಲಿ ಪರಮಾಣುವಿನ ಚಿತ್ರ ಬರೆಯಿರಿ ಎಂದರೆ ಯಾವುದನ್ನು ಬರೆಯಬೇಕು? — ಮಂಡ್ಯದಿಂದ ಒಬ್ಬ ತಾಯಿ

ಉತ್ತರ: ನಾನು ಮೈಸೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ಭೌತವಿಜ್ಞಾನ ಕಲಿಸಿದ್ದೇನೆ. ನಿಮ್ಮ ಮಗನ ಈ ಪ್ರಶ್ನೆಯನ್ನು ಪದವಿ ತರಗತಿಯ ವಿದ್ಯಾರ್ಥಿಗಳ ಬಾಯಿಂದಲೂ ಕೇಳಿದ್ದು ಅಪರೂಪ. ಹೆಚ್ಚಿನವರು ಮೂರು ಚಿತ್ರ, ಮೂರು ಮಿತಿ ಎಂದು ಬರೆದು ಅಂಕ ತೆಗೆದುಕೊಂಡು ಹೋಗುತ್ತಾರೆ. ಅವನಿಗೆ ಸಿಟ್ಟು ಬಂದಿರುವುದರಲ್ಲಿ ನ್ಯಾಯವಿದೆ. ಆದರೆ ಆ ಸಿಟ್ಟಿಗೆ ಗುರಿಯಾಗಬೇಕಾದದ್ದು ನಾವು ಈ ಕಥೆಯನ್ನು ಹೇಳುವ ರೀತಿ. ಪ್ರತಿಯೊಂದು ಮಾದರಿಯಲ್ಲೂ ಎರಡು ಭಾಗಗಳಿರುತ್ತವೆ. ಒಂದು, ಯಾರೋ ಪ್ರಯೋಗಾಲಯದಲ್ಲಿ ಕುಳಿತು ಅಳೆದು ತೆಗೆದ ಸಂಖ್ಯೆ. ಇನ್ನೊಂದು, ಆ ಸಂಖ್ಯೆ ಹಾಗೇಕೆ ಬಂತೆಂದು ತಿಳಿಯಲು ಕಲ್ಪಿಸಿಕೊಂಡ ಚಿತ್ರ. ಕಳೆದ ಇನ್ನೂರು ವರ್ಷಗಳಲ್ಲಿ ಚಿತ್ರಗಳು ಒಂದರ ಹಿಂದೊಂದು ಬಿದ್ದುಹೋಗಿವೆ, ಅಳತೆಗಳು ಬಹುಪಾಲು ನಿಂತಿವೆ. ಶಾಲೆಯ ಪುಸ್ತಕಕ್ಕೆ ಜಾಗ ಕಡಿಮೆಯಾದ್ದರಿಂದ ಅದು ಚಿತ್ರವನ್ನು ಉಳಿಸಿಕೊಂಡು ಸಂಖ್ಯೆಯನ್ನು ಬಿಟ್ಟುಬಿಡುತ್ತದೆ. ಹಾಗಾಗಿ ಓದುವ ಹುಡುಗನಿಗೆ ಇದು ತಪ್ಪುಗಳ ಮೆರವಣಿಗೆಯಂತೆ ಕಾಣುತ್ತದೆ. ಬಿಟ್ಟುಹೋದ ಸಂಖ್ಯೆಗಳನ್ನು ಆಯಾ ಜಾಗದಲ್ಲಿ ಮತ್ತೆ ಇಟ್ಟು ನೋಡೋಣ.

ನಮ್ಮಲ್ಲಿ ಈ ವಿಷಯ ಎತ್ತಿದರೆ ಕಣಾದರ ಹೆಸರು ಬಂದೇ ಬರುತ್ತದೆ. ಗ್ರೀಸಿನ ಡೆಮಾಕ್ರಿಟಸ್‌ನಲ್ಲಿದ್ದಂತೆ, ಕಣಾದರ ಹೆಸರಿನೊಂದಿಗೆ ಬಂದ ವೈಶೇಷಿಕ ದರ್ಶನದಲ್ಲೂ ಒಡೆಯಲಾಗದ ಕಣದ ಕಲ್ಪನೆ ಇತ್ತು. ‘ಪರಮಾಣು’ ಎಂಬ ಪದವೂ ನಮಗೆ ಆ ಪರಂಪರೆಯಿಂದಲೇ ಬಂದಿದೆ. ವಸ್ತುವನ್ನು ಕೊನೆಯಿಲ್ಲದೆ ಒಡೆಯುತ್ತ ಹೋಗಬಹುದಾದರೆ ಮೇರುಪರ್ವತದಲ್ಲೂ ಸಾಸಿವೆ ಕಾಳಿನಲ್ಲೂ ಅಷ್ಟೇ ಅನಂತ ಭಾಗಗಳಿರಬೇಕಾಗುತ್ತದೆ, ಆಗ ಎರಡೂ ಒಂದೇ ಗಾತ್ರವಾಗಬೇಕಲ್ಲ ಎಂಬ ಅವರ ವಾದ ಇಂದಿಗೂ ತರಗತಿಯಲ್ಲಿ ಚರ್ಚೆಗೆ ಒಳ್ಳೆಯ ವಸ್ತು. ಆದರೆ ಅದು ತರ್ಕದಿಂದ ಹೊರಟು ತರ್ಕದಲ್ಲೇ ನಿಂತ ವಾದ. ತಕ್ಕಡಿಯಲ್ಲಿಟ್ಟು ಸರಿಯೋ ತಪ್ಪೋ ನೋಡಬಹುದಾದ ಯಾವ ಸಂಖ್ಯೆಯೂ ಅದರಿಂದ ಹೊರಡಲಿಲ್ಲ. ಆದ್ದರಿಂದ ನಮ್ಮ ಲೆಕ್ಕ ಅಲ್ಲಿಂದ ಶುರುವಾಗುವುದಿಲ್ಲ.

ಅದು ಶುರುವಾಗುವುದು ಮ್ಯಾಂಚೆಸ್ಟರಿನಲ್ಲಿ ಪಾಠ ಹೇಳಿ ಜೀವನ ಸಾಗಿಸುತ್ತಿದ್ದ ಜಾನ್ ಡಾಲ್ಟನ್ ಅವರಿಂದ, 1803ರಿಂದ 1808ರ ನಡುವೆ. ಇಂಗಾಲ ಮತ್ತು ಆಮ್ಲಜನಕ ಸೇರಿ ಎರಡು ಬೇರೆ ಬೇರೆ ಅನಿಲಗಳಾಗುತ್ತವೆ. ಒಂದರಲ್ಲಿ 3 ಗ್ರಾಂ ಇಂಗಾಲಕ್ಕೆ 4 ಗ್ರಾಂ ಆಮ್ಲಜನಕ, ಇನ್ನೊಂದರಲ್ಲಿ ಅದೇ 3 ಗ್ರಾಂಗೆ 8 ಗ್ರಾಂ. ಐದೂಕಾಲೂ ಇಲ್ಲ, ಆರೂವರೆಯೂ ಇಲ್ಲ, ನೇರವಾಗಿ ಎರಡರಷ್ಟು. ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕಬ್ಬಿನ ಹಾಲನ್ನು ಎಷ್ಟು ಬೇಕಾದರೂ, ಕಾಲು ಲೋಟವೋ ಮುಕ್ಕಾಲು ಲೋಟವೋ, ಸುರಿದುಕೊಡಬಹುದು. ಅಚ್ಚುಬೆಲ್ಲವನ್ನಾದರೆ ಒಂದು, ಎರಡು, ಮೂರು ಎಂದು ಎಣಿಸಿಯೇ ಕೊಡಬೇಕು. ವಸ್ತುಗಳು ಸೇರುವ ತೂಕಗಳಲ್ಲಿ ಹೀಗೆ ಎಣಿಕೆಯ ಸಂಖ್ಯೆಗಳೇ ಕಾಣುತ್ತಿವೆ ಎಂದಾದರೆ ಒಳಗೆ ಎಣಿಸಬಹುದಾದ ಅಚ್ಚುಗಳಿರಬೇಕು ಎಂಬುದು ಡಾಲ್ಟನ್ ಅವರ ವಾದದ ತಿರುಳು. ಆ ಅಚ್ಚು ಗಟ್ಟಿಯಾದ, ಒಡೆಯಲಾಗದ ಪುಟ್ಟ ಗುಂಡು ಎಂಬುದು ಅವರ ಚಿತ್ರ. ಚಿತ್ರ ಹೋಯಿತು. ನೀರಿನಲ್ಲಿ ಒಂದು ಜಲಜನಕಕ್ಕೆ ಒಂದೇ ಆಮ್ಲಜನಕ ಎಂದು ಅವರು ಭಾವಿಸಿದ್ದೂ ಹೋಯಿತು; ಅದನ್ನು ಸರಿಪಡಿಸುವ ದಾರಿಯನ್ನು ಅವೊಗಾಡ್ರೊ 1811ರಲ್ಲೇ ತೋರಿಸಿದ್ದರೂ ಲೋಕ ಒಪ್ಪಲು ಐವತ್ತು ವರ್ಷ ಹಿಡಿಯಿತು. ಆದರೆ 3ಕ್ಕೆ 4, 3ಕ್ಕೆ 8 ಎಂಬ ಅಳತೆ ಇವತ್ತು ನಿಮ್ಮ ಮಗನ ಶಾಲೆಯ ತಕ್ಕಡಿಯಲ್ಲೂ ಹಾಗೆಯೇ ಬರುತ್ತದೆ.

ಮುಂದಿನ ಹೆಜ್ಜೆಗೆ ಸುಮಾರು ತೊಂಬತ್ತು ವರ್ಷ ಬೇಕಾಯಿತು. ಗಾಳಿಯನ್ನು ಬಹುತೇಕ ಹೊರತೆಗೆದ ಗಾಜಿನ ಕೊಳವೆಯೊಳಗೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ಋಣಧ್ರುವದಿಂದ ಹೊರಡುವ ಕ್ಯಾಥೋಡ್ ಕಿರಣಗಳು ಬೆಳಕಿನಂತಹ ಅಲೆಗಳೋ ಕಣಗಳ ಪ್ರವಾಹವೋ ಎಂಬ ಜಗಳವಿತ್ತು. ಕೇಂಬ್ರಿಡ್ಜಿನ ಕ್ಯಾವೆಂಡಿಷ್ ಪ್ರಯೋಗಾಲಯದಲ್ಲಿ ಜೆ.ಜೆ. ಥಾಮ್ಸನ್ 1897ರಲ್ಲಿ ಆ ಕಿರಣವನ್ನು ವಿದ್ಯುತ್ ಕ್ಷೇತ್ರದಿಂದಲೂ ಕಾಂತಕ್ಷೇತ್ರದಿಂದಲೂ ಬಾಗಿಸಿ, ಅದರ ಕಣದ ವಿದ್ಯುತ್ ಆವೇಶಕ್ಕೂ ದ್ರವ್ಯರಾಶಿಗೂ ಇರುವ ಅನುಪಾತವನ್ನು ಅಳೆದರು. ಅದು ಜಲಜನಕದ ಅಯಾನಿನ, ಎಂದರೆ ಆವೇಶ ಹೊತ್ತ ಜಲಜನಕದ ಕಣದ, ಅನುಪಾತಕ್ಕಿಂತ ಸಾವಿರಪಟ್ಟಿಗೂ ಹೆಚ್ಚು. ಇಂದಿನ ನಿಖರ ಅಳತೆಯ ಪ್ರಕಾರ ಆ ಅಯಾನಿನ, ಎಂದರೆ ಪ್ರೋಟಾನಿನ, ದ್ರವ್ಯರಾಶಿ ನಾವೀಗ ಎಲೆಕ್ಟ್ರಾನ್ ಎಂದು ಕರೆಯುವ ಈ ಕಣದ್ದರ 1836 ಪಟ್ಟು. ಆದರೆ ಪ್ರಯೋಗದ ಸೊಗಸು ಇರುವುದು ಇನ್ನೊಂದು ಕಡೆ. ಕೊಳವೆಯೊಳಗೆ ಯಾವ ಅನಿಲವಿದ್ದರೂ, ಧ್ರುವವನ್ನು ಯಾವ ಲೋಹದಿಂದ ಮಾಡಿದರೂ, ಅದೇ ಅನುಪಾತ ಬಂತು. ಎಲ್ಲ ವಸ್ತುಗಳಿಂದಲೂ ಒಂದೇ ಬಗೆಯ ಕಣ ಹೊರಬರುತ್ತಿದೆಯೆಂದ ಮೇಲೆ ಅದು ಎಲ್ಲ ಪರಮಾಣುಗಳ ಒಳಗೂ ಇರಲೇಬೇಕು, ಎಂದರೆ ಪರಮಾಣು ಒಡೆಯಲಾಗದ ಗುಂಡಾಗಿರಲು ಸಾಧ್ಯವಿಲ್ಲ.

ಇಲ್ಲಿ ಒಂದು ಸಣ್ಣ ವಿಷಯಾಂತರಕ್ಕೆ ಅವಕಾಶ ಕೊಡಿ. ನಿಮ್ಮ ಜಿಲ್ಲೆಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರ ಆರಂಭವಾಗಿ, ಅಲ್ಲಿಂದ ಸುಮಾರು 150 ಕಿಲೊಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಆಗ ಎಲೆಕ್ಟ್ರಾನ್ ಪತ್ತೆಯಾಗಿ ಐದೇ ವರ್ಷ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಎಂಬ ಪುಟ್ಟ ಕೇಂದ್ರ ಇದೆಯೆಂದು ಜಗತ್ತಿನಲ್ಲಿ ಯಾರಿಗೂ ತಿಳಿಯದಿದ್ದ ಕಾಲದಲ್ಲಿ ಕಾವೇರಿಯ ನೀರು ಆ ತಂತಿಗಳಲ್ಲಿ ಎಲೆಕ್ಟ್ರಾನುಗಳನ್ನು ಓಡಾಡಿಸುತ್ತಿತ್ತು. ಒಂದು ವಸ್ತುವಿನ ಪೂರ್ತಿ ಚಿತ್ರ ಸಿಗುವ ಮೊದಲೇ ಅದರ ಅಳತೆಗಳನ್ನು ನಂಬಿ ಕೆಲಸ ಮಾಡಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಪರಮಾಣುವಿಗೆ ಒಟ್ಟಾರೆ ಆವೇಶವಿಲ್ಲ. ಒಳಗೆ ಋಣ ಆವೇಶದ ಎಲೆಕ್ಟ್ರಾನುಗಳಿದ್ದರೆ ಅವನ್ನು ಸರಿದೂಗಿಸುವ ಧನ ಆವೇಶವೂ ಎಲ್ಲೋ ಇರಬೇಕು. ಥಾಮ್ಸನ್ ತಮ್ಮ 1904ರ ಮಾದರಿಯಲ್ಲಿ ಅದನ್ನು ಇಡೀ ಗೋಳದಲ್ಲಿ ಸಮನಾಗಿ ಹರಡಿದರು. ಪುಸ್ತಕ ಇದನ್ನು ಕಲ್ಲಂಗಡಿ ಹಣ್ಣಿಗೆ ಹೋಲಿಸುತ್ತದೆ: ಕೆಂಪು ತಿರುಳು ಧನ ಆವೇಶ, ಬೀಜಗಳು ಎಲೆಕ್ಟ್ರಾನುಗಳು. ಹೋಲಿಕೆ ನೆನಪಿಡಲು ಚೆನ್ನಾಗಿದೆ, ಆದರೆ ಥಾಮ್ಸನ್ನರಿಗೆ ಅನ್ಯಾಯ ಮಾಡುತ್ತದೆ. ಅವರ ಎಲೆಕ್ಟ್ರಾನುಗಳು ಬೀಜಗಳಂತೆ ಹೇಗೆಂದರೆ ಹಾಗೆ ಹುದುಗಿ ಕುಳಿತಿರಲಿಲ್ಲ. ಉಂಗುರ ಉಂಗುರವಾಗಿ ಜೋಡಿಸಿಕೊಂಡು ಸುತ್ತುತ್ತಿದ್ದವು, ಮತ್ತು ಒಂದು ಉಂಗುರದಲ್ಲಿ ಎಷ್ಟು ಎಲೆಕ್ಟ್ರಾನುಗಳಿದ್ದರೆ ಅದು ಅಲುಗಾಡದೆ ನಿಲ್ಲುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿದ್ದರು. ನೀರಿನಲ್ಲಿ ತೇಲುವ ಬೆಂಡುಗಳಿಗೆ ಕಾಂತೀಯ ಸೂಜಿಗಳನ್ನು ಚುಚ್ಚಿಟ್ಟು, ಮೇಲೊಂದು ಕಾಂತವನ್ನು ಹಿಡಿದರೆ ಅವು ತಾವಾಗಿಯೇ ಉಂಗುರಗಳಾಗಿ ನಿಲ್ಲುವುದನ್ನು ಆಲ್ಫ್ರೆಡ್ ಮೇಯರ್ ತೋರಿಸಿದ್ದ ಪ್ರಯೋಗ ಅವರ ಕಣ್ಣ ಮುಂದಿತ್ತು. ಧಾತುಗಳ ಗುಣಗಳು ಆವರ್ತಕ ಕೋಷ್ಟಕದಲ್ಲಿ ಮರುಕಳಿಸಲು ಈ ಉಂಗುರಗಳೇ ಕಾರಣವಿರಬಹುದು ಎಂಬ ಅವರ ಊಹೆ, ಬೇರೊಂದು ರೂಪದಲ್ಲಿ, ಮುಂದೆ ನಿಜವೂ ಆಯಿತು.

ಈಗ ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗಕ್ಕೆ ಬರೋಣ. ಮೈಸೂರು ಶೈಲಿಯ ಚಿತ್ರಗಳಲ್ಲಿ ದೇವರ ಒಡವೆಗಳ ಮೇಲೆ ಅಂಟಿಸುವ ಚಿನ್ನದ ರೇಕನ್ನು ನೀವು ನೋಡಿರಬಹುದು. ಉಸಿರು ಬಿಟ್ಟರೆ ಹಾರುವಷ್ಟು ತೆಳು. ಚಿನ್ನವನ್ನು ಹಾಗೆ ತೆಳ್ಳಗೆ ಬಡಿಯಬಹುದು ಎಂಬ ಗುಣವನ್ನೇ ಮ್ಯಾಂಚೆಸ್ಟರಿನಲ್ಲಿ ಅರ್ನೆಸ್ಟ್ ರುದರ್‌ಫೋರ್ಡ್ ಮತ್ತು ಅವರ ಜೊತೆಗಾರರು ಬಳಸಿಕೊಂಡರು. ರೇಡಿಯಂನಂತಹ ವಿಕಿರಣಶೀಲ ವಸ್ತುವಿನಿಂದ ಹೊರಡುವ, ಧನ ಆವೇಶ ಹೊತ್ತ ಆಲ್ಫಾ ಕಣಗಳನ್ನು ಇಂತಹ ರೇಕಿನ ಮೂಲಕ ಹಾಯಿಸಿ, ಅವು ಎಷ್ಟು ವಾಲುತ್ತವೆಂದು ನೋಡುವುದು ಪ್ರಯೋಗ. ಥಾಮ್ಸನ್ನರ ಪರಮಾಣುವಿನಲ್ಲಿ ಧನ ಆವೇಶ ತೆಳ್ಳಗೆ ಹರಡಿರುವುದರಿಂದ ಯಾವ ಒಂದು ಜಾಗದಲ್ಲೂ ಅದರ ಬಲ ಹೆಚ್ಚಿರದು. ವೇಗವಾಗಿ ಬರುವ ಭಾರದ ಆಲ್ಫಾ ಕಣ ಅಲ್ಪಸ್ವಲ್ಪ ವಾಲಿ ಆಚೆಗೆ ಹೋಗಬೇಕು. 1909ರಲ್ಲಿ ಹಾನ್ಸ್ ಗೈಗರ್ ಅವರ ಕೈಕೆಳಗೆ ಕೆಲಸ ಕಲಿಯುತ್ತಿದ್ದ, ಇನ್ನೂ ಪದವಿ ವಿದ್ಯಾರ್ಥಿಯಾಗಿದ್ದ ಇಪ್ಪತ್ತರ ಹರೆಯದ ಅರ್ನೆಸ್ಟ್ ಮಾರ್ಸ್‌ಡನ್ ಅವರಿಗೆ, ಕಣಗಳೇನಾದರೂ ಹಿಂದಕ್ಕೆ ಚಿಮ್ಮುತ್ತವೆಯೋ ನೋಡು ಎಂದು ರುದರ್‌ಫೋರ್ಡ್ ಹೇಳಿದರು. ಕತ್ತಲ ಕೋಣೆಯಲ್ಲಿ ಕಣ್ಣನ್ನು ಕತ್ತಲೆಗೆ ಹೊಂದಿಸಿಕೊಂಡು, ಸತುವಿನ ಸಲ್ಫೈಡ್ ಬಳಿದ ಪರದೆಯ ಮೇಲೆ ಬೀಳುವ ಒಂದೊಂದು ಮಿಂಚನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಎಣಿಸಬೇಕಾಗಿದ್ದ ಕೆಲಸವದು. ಪ್ಲಾಟಿನಂ ತಗಡಿನಿಂದ ಸರಿಸುಮಾರು 8000 ಕಣಗಳಿಗೆ ಒಂದರಂತೆ ಹಿಂದಕ್ಕೆ ಬಂದವು. 0.00004 ಸೆಂಟಿಮೀಟರ್ ದಪ್ಪದ ಚಿನ್ನದ ರೇಕಿನಲ್ಲಿ 20,000ಕ್ಕೆ ಒಂದು ಕಣ ಸರಾಸರಿ 90 ಡಿಗ್ರಿಯಷ್ಟು ತಿರುಗಿತು.

‘20,000ಕ್ಕೆ ಒಂದು’ ಎಂಬ ಸಂಖ್ಯೆಯನ್ನು ನಿಮ್ಮ ಮಗ ಚಿತ್ರದ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಲಿ. ಸಣ್ಣ ಸಣ್ಣ ವಾಲುವಿಕೆಗಳು ಕೂಡಿ ಅಷ್ಟು ದೊಡ್ಡ ತಿರುವು ಆಗಿರಬಹುದೇ ಎಂದು ರುದರ್‌ಫೋರ್ಡ್ ಲೆಕ್ಕ ಹಾಕಿದರು. ಹಾಗಾಗುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಹಾಗಾದರೆ ಒಂದೇ ಏಟಿಗೆ ತಿರುಗಿರಬೇಕು. ಒಂದೇ ಏಟಿಗೆ ತಿರುಗಬೇಕಾದರೆ ಆವೇಶವೂ ದ್ರವ್ಯರಾಶಿಯೂ ಬಹಳ ಪುಟ್ಟ ಜಾಗದಲ್ಲಿ ಒತ್ತಟ್ಟಿಗಿರಬೇಕು. ನೇರವಾಗಿ ಎದುರಿಗೆ ಬಂದ ಆಲ್ಫಾ ಕಣ ಚಿನ್ನದ ಪರಮಾಣುವಿನ ಕೇಂದ್ರಕ್ಕೆ ಎಷ್ಟು ಹತ್ತಿರ ಹೋಗಿ ಹಿಂತಿರುಗುತ್ತದೆ ಎಂಬ ಲೆಕ್ಕಕ್ಕೆ 1911ರಲ್ಲಿ ಬಂದ ಉತ್ತರ, ಒಂದು ಸೆಂಟಿಮೀಟರನ್ನು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಮೂರು-ನಾಲ್ಕು ಪಾಲು. ಕೇಂದ್ರವು ಅದಕ್ಕಿಂತಲೂ ಚಿಕ್ಕದಿರಬೇಕು. ರುದರ್‌ಫೋರ್ಡ್ ತಮ್ಮ ಅಳತೆ ಹೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಹೇಳಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕೇಂದ್ರದ ಆವೇಶ ಧನವಾದರೂ ಋಣವಾದರೂ ಈ ಲೆಕ್ಕ ಒಂದೇ ಆಗುವುದರಿಂದ ಅದು ಯಾವುದು ಎಂಬುದನ್ನು ಆ ಪ್ರಬಂಧದಲ್ಲಿ ಅವರು ತೀರ್ಮಾನಿಸಲೇ ಇಲ್ಲ.

ಗಾತ್ರದ ಕಲ್ಪನೆಗೆ ಕನ್ನಂಬಾಡಿ ಕಟ್ಟೆಯನ್ನು ತೆಗೆದುಕೊಳ್ಳಿ. ಅದರ ಉದ್ದ ಸುಮಾರು 2.6 ಕಿಲೊಮೀಟರ್. ಜಲಜನಕದ ಪರಮಾಣುವನ್ನು ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಅಗಲಿಸಿದರೆ ನಡುವೆ ಇರುವ ನ್ಯೂಕ್ಲಿಯಸ್ ಒಂದು ನಿಂಬೆಹಣ್ಣಿನಷ್ಟಿರುತ್ತದೆ. ಚಿನ್ನದ ಪರಮಾಣುವನ್ನು ಅಷ್ಟೇ ಅಗಲಿಸಿದರೆ ಸುಲಿದ ತೆಂಗಿನಕಾಯಿಯಷ್ಟು. ಇಡೀ ಪರಮಾಣುವಿನ ದ್ರವ್ಯರಾಶಿಯಲ್ಲಿ 99.9 ಶೇಕಡಕ್ಕೂ ಹೆಚ್ಚು ಆ ಕಾಯಿಯೊಳಗೇ ಇದೆ.

ಉಳಿದ ಜಾಗದಲ್ಲಿ ಗಾಳಿ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲ ಎಂದು. ಗಾಳಿ ಎನ್ನುವುದೇ ಸಾರಜನಕ, ಆಮ್ಲಜನಕ ಮೊದಲಾದವುಗಳ ಅಣುಗಳ ರಾಶಿ. ಆ ಅಣುಗಳು ಪರಮಾಣುಗಳಿಂದಾದವು. ಪರಮಾಣುವಿನ ಒಳಗೆ ಗಾಳಿ ಇದೆಯೆನ್ನುವುದು ಇಟ್ಟಿಗೆಯೊಳಗೆ ಮನೆ ಇದೆ ಎಂದಂತೆ. ಆದರೆ ಅದು ಪೂರ್ತಿ ಖಾಲಿ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಆ ಜಾಗವನ್ನೆಲ್ಲ ಎಲೆಕ್ಟ್ರಾನುಗಳು ಆಕ್ರಮಿಸಿಕೊಂಡಿವೆ, ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ನೀವು ಕುರ್ಚಿಯ ಮೇಲೆ ಕುಳಿತರೆ ಕೆಳಗೆ ಜಾರಿಹೋಗದಿರುವುದು ಅವುಗಳಿಂದಲೇ.

ನ್ಯೂಕ್ಲಿಯಸ್ಸಿನ ಸುತ್ತ ಎಲೆಕ್ಟ್ರಾನುಗಳು ಸುತ್ತುತ್ತವೆ ಎಂಬ ರುದರ್‌ಫೋರ್ಡ್ ಅವರ ಚಿತ್ರಕ್ಕೆ ಒಂದು ದೊಡ್ಡ ತೊಡಕಿತ್ತು. ಆವೇಶವಿರುವ ಕಣ ಸುತ್ತುತ್ತಿದ್ದರೆ ಅದು ಬೆಳಕನ್ನು ಹೊರಸೂಸಿ ಶಕ್ತಿ ಕಳೆದುಕೊಳ್ಳಲೇಬೇಕೆಂಬುದು ಆಗ ಚೆನ್ನಾಗಿ ಗೊತ್ತಿದ್ದ ನಿಯಮ. ಆ ಲೆಕ್ಕದಂತೆ ಎಲೆಕ್ಟ್ರಾನ್ ಒಳಕ್ಕೆ ಸುರುಳಿ ಸುತ್ತುತ್ತ, ಸೆಕೆಂಡನ್ನು ಹತ್ತು ಸಾವಿರ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದೆರಡು ಪಾಲಿನ ಹೊತ್ತಿಗೆ ನ್ಯೂಕ್ಲಿಯಸ್ಸಿಗೆ ಬಿದ್ದುಬಿಡಬೇಕು. ಪರಮಾಣುಗಳು ಹಾಗೆ ಕುಸಿಯುತ್ತಿಲ್ಲ ಎಂಬುದಕ್ಕೆ ನಾವೇ ಸಾಕ್ಷಿ. 1912ರಲ್ಲಿ ರುದರ್‌ಫೋರ್ಡ್ ಅವರ ಬಳಿ ಕೆಲಸ ಮಾಡಲು ಬಂದಿದ್ದ ಡೆನ್ಮಾರ್ಕಿನ ತರುಣ ನೀಲ್ಸ್ ಬೋರ್ ಈ ತೊಡಕನ್ನು ತಲೆಗೆ ಹಚ್ಚಿಕೊಂಡರು. ಅವರಿಗೆ ಕೀಲಿಕೈ ಸಿಕ್ಕಿದ್ದು ಮಾತ್ರ ಒಬ್ಬ ಶಾಲಾಮಾಸ್ತರರ ಕೈಯಿಂದ. ಮೇಷ್ಟ್ರ ಕೆಲಸ ಮಾಡಿದವನಾದ್ದರಿಂದ ಇದನ್ನು ಹೇಳುವಾಗ ನನಗೆ ತುಸು ಹೆಮ್ಮೆ.

ಜಲಜನಕ ತುಂಬಿದ ಕೊಳವೆಯಲ್ಲಿ ವಿದ್ಯುತ್ ಹರಿಸಿ, ಬರುವ ಬೆಳಕನ್ನು ಪಟ್ಟಕದಿಂದ ಬಿಡಿಸಿದರೆ ಕಾಮನಬಿಲ್ಲು ಕಾಣುವುದಿಲ್ಲ. ಕತ್ತಲೆಯ ನಡುವೆ ಕೆಲವೇ ಗೆರೆಗಳು ಕಾಣುತ್ತವೆ. ಅವುಗಳ ತರಂಗಾಂತರ 656.3, 486.1, 434.0, 410.2 ನ್ಯಾನೊಮೀಟರ್. ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಯೋಹಾನ್ ಬಾಮರ್ ತಮ್ಮ ಅರವತ್ತನೆಯ ವಯಸ್ಸಿನ ಹೊತ್ತಿಗೆ, 1885ರಲ್ಲಿ, ಈ ಸಂಖ್ಯೆಗಳ ಹಿಂದಿನ ಲೆಕ್ಕವನ್ನು ಹಿಡಿದರು. 364.56 ಎಂಬ ಸಂಖ್ಯೆಯನ್ನು 9/5, 16/12, 25/21, 36/32ರಿಂದ ಗುಣಿಸುತ್ತ ಹೋದರೆ ಆ ಗೆರೆಗಳು ಒಂದೊಂದಾಗಿ ಬರುತ್ತವೆ. ಮೇಲಿನ ಸಂಖ್ಯೆಗಳು 3, 4, 5, 6ರ ವರ್ಗಗಳು, ಕೆಳಗಿನವು ಅವುಗಳಿಂದ 4 ಕಳೆದವು. ನಿಮ್ಮ ಮಗ ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಲಿ. ಹೀಗೇಕೆ ಎಂಬುದು ಬಾಮರ್ ಅವರಿಗೂ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಆ ಸೂತ್ರ ಅರ್ಥವಾಗದ ಶಾಸನದಂತೆ ಬಿದ್ದಿತ್ತು.

1913ರಲ್ಲಿ ಬೋರ್ ಅದನ್ನು ಓದಿದರು. ಡಾಲ್ಟನ್ನರು ವಸ್ತುವಿನಲ್ಲಿ ಕಂಡ ಅಚ್ಚುಬೆಲ್ಲದ ಲೆಕ್ಕವನ್ನು ಬೋರ್ ಪರಮಾಣುವಿನ ಶಕ್ತಿಗೂ ಅನ್ವಯಿಸಿದರು ಎನ್ನಬಹುದು. ಎಲೆಕ್ಟ್ರಾನಿಗೆ ಮನಬಂದಷ್ಟು ಶಕ್ತಿ ಇರುವಂತಿಲ್ಲ. ಜಲಜನಕದಲ್ಲಿ ಅದರ ಬಂಧನದ ಶಕ್ತಿ, ಎಂದರೆ ಅದನ್ನು ಪರಮಾಣುವಿನಿಂದ ಬಿಡಿಸಲು ಬೇಕಾದ ಶಕ್ತಿ, 13.6 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಲೆಕ್ಕದಲ್ಲಿ ಶಕ್ತಿಯನ್ನು ಅಳೆಯುವ ಮಾನ), ಇಲ್ಲವೇ ಅದನ್ನು 4ರಿಂದ, 9ರಿಂದ, 16ರಿಂದ ಭಾಗಿಸಿದಷ್ಟು. ನಡುವಿನದು ಯಾವುದೂ ಇಲ್ಲ. ಮೂರನೆಯ ಮಟ್ಟದಿಂದ ಎರಡನೆಯದಕ್ಕೆ ಇಳಿದರೆ 3.40ರಲ್ಲಿ 1.51 ಕಳೆದು ಉಳಿಯುವ 1.89 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೆಳಕಾಗಿ ಹೊರಬರುತ್ತದೆ. 1240ನ್ನು ಎಲೆಕ್ಟ್ರಾನ್ ವೋಲ್ಟುಗಳಿಂದ ಭಾಗಿಸಿದರೆ ತರಂಗಾಂತರ ನ್ಯಾನೊಮೀಟರುಗಳಲ್ಲಿ ಸಿಗುತ್ತದೆ: 656. ಬಾಮರ್ ಅವರ ಕೆಂಪು ಗೆರೆ! 13.6 ಎಂಬುದನ್ನು ಬೋರ್ ಎಲ್ಲಿಂದಲೋ ತಂದು ಕೂರಿಸಲಿಲ್ಲ. ಎಲೆಕ್ಟ್ರಾನಿನ ಆವೇಶ, ಅದರ ದ್ರವ್ಯರಾಶಿ, ಬೆಳಕಿನ ಶಕ್ತಿಯ ಕಂತು ಎಷ್ಟು ದೊಡ್ಡದೆಂದು ಹೇಳುವ ಪ್ಲಾಂಕ್ ನಿಯತಾಂಕ ಈ ಮೂರರಿಂದ ಅದು ತಾನಾಗಿ ಹೊರಬಂತು.

ಇದಕ್ಕಿಂತ ಚೆಂದದ ಪರೀಕ್ಷೆ ಆಮೇಲೆ ನಡೆಯಿತು. ನಕ್ಷತ್ರವೊಂದರ ಬೆಳಕಿನಲ್ಲಿ ಕಂಡಿದ್ದ, ಜಲಜನಕದ್ದೆಂದು ಎಲ್ಲರೂ ನಂಬಿದ್ದ ಕೆಲವು ಗೆರೆಗಳು ನಿಜಕ್ಕೂ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಮ್ಮಿನವು ಎಂದು ಬೋರ್ ಹೇಳಿದರು. ಹೀಲಿಯಮ್ಮಿನ ನ್ಯೂಕ್ಲಿಯಸ್ಸಿನ ಆವೇಶ ಎರಡರಷ್ಟಿರುವುದರಿಂದ ಶಕ್ತಿ ನಾಲ್ಕು ಪಟ್ಟಾಗಬೇಕು. ಇಂತಹ ಗೆರೆಗಳ ಸಾಲುಗಳಾದ ರೋಹಿತಗಳನ್ನು ಅಳೆಯುವುದರಲ್ಲಿ ಪಳಗಿದ್ದ ಆಲ್ಫ್ರೆಡ್ ಫೌಲರ್, ಅಳತೆಯಲ್ಲಿ ಬರುವುದು 4 ಅಲ್ಲ, 4.0016 ಎಂದು ಆಕ್ಷೇಪಿಸಿದರು. ನ್ಯೂಕ್ಲಿಯಸ್ ಪೂರ್ತಿ ನಿಶ್ಚಲವಾಗಿರದೆ ತಾನೂ ತುಸು ಅಲುಗುತ್ತದೆ ಎಂಬುದನ್ನು ಲೆಕ್ಕಕ್ಕೆ ಸೇರಿಸಿದ ಬೋರ್ ಅವರಿಗೆ ಬಂದ ಉತ್ತರ 4.00163. ದಶಮಾಂಶದ ನಾಲ್ಕನೆಯ ಸ್ಥಾನದವರೆಗೆ ತಾಳೆಯಾಗುವ ಲೆಕ್ಕವನ್ನು ‘ತಪ್ಪು ಮಾದರಿ’ ಎಂದು ಪಕ್ಕಕ್ಕಿಡುವಾಗ ಕೈ ಸ್ವಲ್ಪ ತಡೆಯಬೇಕು.

ಅದೇ ಹೊತ್ತಿಗೆ ಹೆನ್ರಿ ಮೋಸ್ಲಿ ಧಾತುಗಳು ಹೊರಸೂಸುವ ಎಕ್ಸ್ ಕಿರಣಗಳನ್ನು ಅಳೆದು, ಆವರ್ತಕ ಕೋಷ್ಟಕದ ಕ್ರಮಸಂಖ್ಯೆ ಎಂದರೆ ನ್ಯೂಕ್ಲಿಯಸ್ಸಿನ ಆವೇಶವೇ ಎಂದು ತೋರಿಸಿಕೊಟ್ಟರು. ಅವರು 1915ರಲ್ಲಿ, 27ರ ವಯಸ್ಸಿನಲ್ಲಿ, ಗಲಿಪೋಲಿಯ ಯುದ್ಧದಲ್ಲಿ ತೀರಿಕೊಂಡರು.

ಇಷ್ಟಾದರೂ, ಒಂದೊಂದು ಶಕ್ತಿಮಟ್ಟಕ್ಕೂ ಎಲೆಕ್ಟ್ರಾನ್ ಸುತ್ತುವ ಒಂದೊಂದು ಕಕ್ಷೆ ಎಂಬ ಬೋರ್ ಅವರ ಚಿತ್ರ ನಿಲ್ಲಲಿಲ್ಲ. ಹಸ್ತಪ್ರತಿಯನ್ನು ಓದಿದ ರುದರ್‌ಫೋರ್ಡ್ ಅವರೇ ಪತ್ರದಲ್ಲಿ ಒಂದು ಮುಳ್ಳನ್ನು ಎತ್ತಿ ತೋರಿಸಿದ್ದರು: ಒಂದು ಕಕ್ಷೆಯಿಂದ ಹೊರಟ ಎಲೆಕ್ಟ್ರಾನಿಗೆ ತಾನು ಎಲ್ಲಿ ನಿಲ್ಲುತ್ತೇನೆಂದು ಮೊದಲೇ ಗೊತ್ತಿರಬೇಕಲ್ಲ, ಇಲ್ಲದಿದ್ದರೆ ಯಾವ ಬಣ್ಣದ ಬೆಳಕನ್ನು ಹೊರಡಿಸಬೇಕೆಂದು ಅದಕ್ಕೆ ತಿಳಿಯುವುದು ಹೇಗೆ? ಬೋರ್ ಅವರ ಬಳಿ ಇದಕ್ಕೆ ಉತ್ತರವಿರಲಿಲ್ಲ. ಎರಡೇ ಎಲೆಕ್ಟ್ರಾನುಗಳಿರುವ ಸಾಮಾನ್ಯ ಹೀಲಿಯಮ್ಮಿಗೆ ಲೆಕ್ಕ ಹಾಕಲು ಹೋದವರಿಗೆಲ್ಲ ತಪ್ಪು ಉತ್ತರವೇ ಬಂತು. ಒಂದು ಗೆರೆ ಏಕೆ ಪ್ರಖರ, ಇನ್ನೊಂದು ಏಕೆ ಮಂಕು ಎಂಬುದನ್ನೂ ಅದು ನೇರವಾಗಿ ಹೇಳಲಾರದು. 1916ರಲ್ಲಿ ಸೊಮ್ಮರ್‌ಫೆಲ್ಡ್ ಕಕ್ಷೆಗಳನ್ನು ಅಂಡಾಕಾರ ಮಾಡಿ ಕೆಲವು ತೇಪೆಗಳನ್ನು ಹಾಕಿದರು. ಹರಿದ ಬಟ್ಟೆಗೆ ಎಷ್ಟೆಂದು ತೇಪೆ ಹಾಕುವುದು?

ದಾರಿ ತೆರೆದದ್ದು, ಎಲೆಕ್ಟ್ರಾನಿಗೂ ತರಂಗದ ಗುಣ ಇರಬೇಕೆಂದು ಲೂಯಿ ಡಿ ಬ್ರಾಯ್ ಮುಂದಿಟ್ಟ ವಿಚಾರದಿಂದ. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಗರ್ಮರ್, ಹಾಗೂ ಬೇರೆಯಾಗಿ ಜಿ.ಪಿ. ಥಾಮ್ಸನ್, ಹರಳು ಮತ್ತು ತೆಳು ಲೋಹಗಳಿಂದ ಚದುರುವ ಎಲೆಕ್ಟ್ರಾನುಗಳಲ್ಲಿ ತರಂಗಗಳಿಗೆ ಮಾತ್ರ ಸಾಧ್ಯವಾದ ವಿನ್ಯಾಸಗಳನ್ನು ಕಂಡರು. ಈ ಜಿ.ಪಿ. ಥಾಮ್ಸನ್ ನಮ್ಮ ಜೆ.ಜೆ. ಥಾಮ್ಸನ್ನರ ಮಗ. ಎಲೆಕ್ಟ್ರಾನ್ ಕಣವೆಂದು ತೋರಿಸಿದ ಅಪ್ಪನಿಗೆ 1906ರಲ್ಲಿ ನೊಬೆಲ್, ಅದು ತರಂಗವೂ ಹೌದೆಂದು ತೋರಿಸಿದ ಮಗನಿಗೆ 1937ರಲ್ಲಿ ನೊಬೆಲ್. ಇಬ್ಬರ ಅಳತೆಯೂ ಸರಿಯಾಗಿತ್ತು.

1925ರಲ್ಲಿ ಹೈಸೆನ್‌ಬರ್ಗ್ ಒಂದು ದಾರಿಯಿಂದ, 1926ರಲ್ಲಿ ಶ್ರೋಡಿಂಗರ್ ಇನ್ನೊಂದು ದಾರಿಯಿಂದ ಕಟ್ಟಿದ ಕ್ವಾಂಟಂ ಸಿದ್ಧಾಂತದಲ್ಲಿ ಎಲೆಕ್ಟ್ರಾನ್ ಯಾವ ದಾರಿಯಲ್ಲೂ ಸುತ್ತುವುದಿಲ್ಲ. ಯಾವ ಜಾಗದಲ್ಲಿ ಹುಡುಕಿದರೆ ಅದು ಸಿಗುವ ಸಂಭವನೀಯತೆ ಎಷ್ಟು ಎಂಬುದನ್ನಷ್ಟೇ ಸಮೀಕರಣ ಹೇಳುತ್ತದೆ. ಅದನ್ನು ಹೀಗೆ ಓದಬೇಕೆಂದು ಸ್ಪಷ್ಟಪಡಿಸಿದವರು ಮ್ಯಾಕ್ಸ್ ಬಾರ್ನ್. ಚಿತ್ರಗಳಲ್ಲಿ ಮೋಡದಂತೆ ತೋರಿಸುವುದು ಈ ಸಂಭವನೀಯತೆಯನ್ನು. ದಟ್ಟವಾಗಿರುವಲ್ಲಿ ಸಿಗುವುದು ಹೆಚ್ಚು, ತೆಳುವಾಗಿರುವಲ್ಲಿ ಕಡಿಮೆ. ಅಳೆದಾಗ ಸಿಗುವುದು ಮಾತ್ರ ಯಾವಾಗಲೂ ಒಂದು ಇಡೀ ಎಲೆಕ್ಟ್ರಾನ್. ಪರಮಾಣುವಿನ ಒಳಜಾಗ ಪೂರ್ತಿ ಖಾಲಿಯಲ್ಲ ಎಂದು ಮೇಲೆ ಹೇಳಿದ್ದು ಇದೇ ಕಾರಣಕ್ಕೆ. ಕಕ್ಷೆಗಳ ಚಿತ್ರ ಹೀಗೆ ಹೋಯಿತು. ಆದರೆ ಶ್ರೋಡಿಂಗರ್ ಸಮೀಕರಣವನ್ನು ಜಲಜನಕಕ್ಕೆ ಬಿಡಿಸಿದರೆ ಸಿಗುವ ಶಕ್ತಿಮಟ್ಟಗಳು ಯಾವುವು ಗೊತ್ತೇ? 13.6, ಅದರ 4ನೆಯ ಒಂದು ಪಾಲು, 9ನೆಯ ಒಂದು ಪಾಲು. ಎಲೆಕ್ಟ್ರಾನ್ ಸಿಗುವ ಸಂಭವ ಅತಿ ಹೆಚ್ಚಿರುವ ದೂರ 0.0529 ನ್ಯಾನೊಮೀಟರ್, ಬೋರ್ ತಮ್ಮ ಮೊದಲ ಕಕ್ಷೆಗೆ ಕೊಟ್ಟಿದ್ದ ತ್ರಿಜ್ಯವೂ ಅದೇ.

ನ್ಯೂಕ್ಲಿಯಸ್ಸಿನ ಒಳಗಿನ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಅಲ್ಲಿ ಪ್ರೋಟಾನುಗಳಿವೆಯೆಂದು 1919ರಿಂದ ರುದರ್‌ಫೋರ್ಡ್ ತೋರಿಸಿದರು. ಹೀಲಿಯಮ್ಮಿನ ಆವೇಶ 2 ಇದ್ದರೂ ತೂಕ 4 ಏಕೆ ಎಂಬ ಒಗಟಿಗೆ 1932ರಲ್ಲಿ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನ್ ಉತ್ತರವಾಯಿತು.

ಇನ್ನು ‘ಈಗಿನದಕ್ಕೆ ಏನು ಖಾತ್ರಿ’ ಎಂಬ ಪ್ರಶ್ನೆ. ಇಂದಿನ ಸಿದ್ಧಾಂತದಿಂದ ಲೆಕ್ಕ ಹಾಕಿದ ಎಲೆಕ್ಟ್ರಾನಿನ ಕಾಂತೀಯ ಗುಣವೂ ಪ್ರಯೋಗದಲ್ಲಿ ಅಳೆದದ್ದೂ ಹತ್ತಕ್ಕೂ ಹೆಚ್ಚು ಅಂಕಿಗಳವರೆಗೆ ಹೊಂದುತ್ತವೆ. ಮುಂದೆ ಬರುವ ಯಾವುದೇ ಹೊಸ ಸಿದ್ಧಾಂತ ಆ ಅಂಕಿಗಳನ್ನು ಹಾಗೆಯೇ ಮತ್ತೆ ಕೊಡಬೇಕಾಗುತ್ತದೆ, ಶ್ರೋಡಿಂಗರ್ ಸಮೀಕರಣ 13.6ನ್ನು ಮತ್ತೆ ಕೊಟ್ಟಂತೆ. ಹಾಗೆಂದು ಎಲ್ಲವೂ ಮುಗಿದಿದೆಯೆಂದಲ್ಲ. 2010ರಲ್ಲಿ ಜಲಜನಕದ ಎಲೆಕ್ಟ್ರಾನಿನ ಬದಲು ಅದಕ್ಕಿಂತ ಸುಮಾರು 200 ಪಟ್ಟು ಭಾರದ ಮ್ಯೂಆನ್ ಎಂಬ ಕಣವನ್ನು ಇಟ್ಟು ಪ್ರೋಟಾನಿನ ತ್ರಿಜ್ಯವನ್ನು ಅಳೆದಾಗ, ಅದುವರೆಗೆ ಒಪ್ಪಿಕೊಂಡಿದ್ದಕ್ಕಿಂತ ಶೇಕಡ 4ರಷ್ಟು ಕಡಿಮೆ ಬಂತು. ಸಿದ್ಧಾಂತದಲ್ಲೇ ಬಿರುಕು ಬಿಟ್ಟಿತೇನೋ ಎಂದು ಹಲವರು ಆಸೆಪಟ್ಟರು. ಆಮೇಲೆ ಸಾಮಾನ್ಯ ಜಲಜನಕದಲ್ಲೇ ಮಾಡಿದ ಹೊಸ ಅಳತೆಗಳಲ್ಲಿ ಕೆಲವು, 2019ರವು ಸೇರಿದಂತೆ, ಚಿಕ್ಕ ಸಂಖ್ಯೆಯ ಕಡೆಗೇ ವಾಲಿದವು. ಪ್ರಪಂಚದ ಅತ್ಯಂತ ಸರಳ ಪರಮಾಣುವಿನ ನಡುವಿನ ಕಣವನ್ನು ನಾವು ಈಗಲೂ ಅಳೆಯುತ್ತಲೇ ಇದ್ದೇವೆ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಒಂಬತ್ತನೆಯ ತರಗತಿಯಲ್ಲಿ ಬೋರ್ ಅವರ ಉಂಗುರಗಳನ್ನೇ ಬರೆಯಬೇಕು. ಸೋಡಿಯಂ ಎಂದರೆ 2, 8, 1. ಆ ಉಂಗುರಗಳನ್ನು ಎಲೆಕ್ಟ್ರಾನ್ ಓಡುವ ರಸ್ತೆ ಎಂದುಕೊಳ್ಳದೆ, ಶಕ್ತಿಮಟ್ಟಗಳ ಲೆಕ್ಕದ ಪುಸ್ತಕ ಎಂದುಕೊಳ್ಳಲು ಹೇಳಿ. ಆಗ ಬರೆದ ಚಿತ್ರದಲ್ಲಿ ತಪ್ಪಿರುವುದಿಲ್ಲ, ಅಂಕವೂ ಬರುತ್ತದೆ. ಜೊತೆಗೆ ಅಡುಗೆಮನೆಯಲ್ಲಿ ಒಂದು ಸಂಗತಿಯನ್ನು ತೋರಿಸಿ. ಸಾರು ಉಕ್ಕಿ ಗ್ಯಾಸ್ ಒಲೆಗೆ ಚೆಲ್ಲಿದಾಗ ನೀಲಿ ಉರಿ ಹಳದಿಯಾಗುತ್ತದಲ್ಲ, ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬಣ್ಣ, ಅವನು ಬರೆದ ಆ ಕೊನೆಯ ಉಂಗುರದ ಒಂಟಿ ಎಲೆಕ್ಟ್ರಾನಿನ ಕೆಲಸ. ಅದು ಯಾವ ಉಂಗುರದಿಂದ ಯಾವ ಉಂಗುರಕ್ಕೆ ಇಳಿದಾಗ ಈ ಹಳದಿ ಬರುತ್ತದೆ ಎಂದು ಕೇಳಿ ನೋಡಿ. ಉಂಗುರದ ಚಿತ್ರದಲ್ಲಿ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಆ ಎಲೆಕ್ಟ್ರಾನ್ ಇಳಿಯುವುದು ಮೂರನೆಯ ಮಟ್ಟದ ಒಳಗೇ ಇರುವ ಒಂದು ಉಪಮಟ್ಟದಿಂದ ಇನ್ನೊಂದಕ್ಕೆ. ಒಳ್ಳೆಯ ಉಪಕರಣದಲ್ಲಿ ನೋಡಿದರೆ ಆ ಹಳದಿಯೂ ಒಂದಲ್ಲ, 589.0 ಮತ್ತು 589.6 ನ್ಯಾನೊಮೀಟರಿನ ಎರಡು ಗೆರೆಗಳು. ಉಪಮಟ್ಟಗಳ ವಿಚಾರ ಅವನಿಗೆ ಪ್ರಥಮ ಪಿಯುಸಿಯ ರಸಾಯನವಿಜ್ಞಾನದಲ್ಲಿ ಸಿಗುತ್ತದೆ. ಅಲ್ಲಿಯೂ ಪಾಠದ ಹೆಸರು ‘ಪರಮಾಣುವಿನ ರಚನೆ’ ಎಂದೇ, ಮತ್ತು ಅಲ್ಲಿಯೂ ಥಾಮ್ಸನ್, ರುದರ್‌ಫೋರ್ಡ್, ಬೋರ್ ಇದೇ ಸಾಲಿನಲ್ಲಿ ಬರುತ್ತಾರೆಂದು ಈಗಲೇ ಹೇಳಿಡಿ.